ಕಾಫಿ ತೋಟದ ಚೆಕ್‌ರೋಲ್‌ನಲ್ಲಿ ಕಂಡ ಕ್ಲಾಸು, ಆಬ್ಜೆಕ್ಟು

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಪದ್ಧತಿಯನ್ನು ಕಲಿಸುವ ಪಾಠಗಳು ಯಾಕೋ ಪ್ರಾಣಿಗಳಿಂದಲೇ ಶುರುವಾಗುತ್ತವೆ. ಪ್ರಾಣಿ ಎಂಬ ಕ್ಲಾಸು, ಅದರಡಿ ನಾಯಿ ಮತ್ತು ಬೆಕ್ಕು. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ. ಓದುವಾಗ ಎಲ್ಲವೂ ತಿಳಿದಂತಿರುತ್ತದೆ, ಸ್ವಂತ ಕೆಲಸಕ್ಕೆ ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ. ನನಗೆ ಈ ವಿದ್ಯೆ ಕೈಹತ್ತಿದ್ದು ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಕೂಲಿ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಡಲು ಒಪ್ಪಿಕೊಂಡ ಮೇಲೆ.

ತೋಟದ ಲೆಕ್ಕ ಹೊರಗಿನವರು ಅಂದುಕೊಂಡಷ್ಟು ಸರಳವಲ್ಲ. ಕೊಯ್ಲಿನ ಕಾಲದಲ್ಲಿ ಸಂಜೆ ಕಣದ ಹತ್ತಿರ ಹಣ್ಣು ತೂಗುತ್ತಾರೆ, ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಆಳಿನ ನಂಬರಿನ ಎದುರು ಕೆ.ಜಿ. ಬರೆಯುತ್ತಾರೆ. ಕೊಯ್ಲಿಲ್ಲದ ದಿನ ದಿನಗೂಲಿ, ನೆರಳು ಮರದ ಕೊಂಬೆ ಸವರುವ ಮರಗಸಿಗೆ ಬೇರೆ ದರ, ಗುಂಡಿ ತೋಡಿದರೆ ಗುಂಡಿಗಿಷ್ಟು ಎಂದು ಗುತ್ತಿಗೆ. ಕೊನೆಗೆ ಮುಂಗಡ ಮುರಿದುಕೊಂಡು ವಾರದ ಬಟವಾಡೆ. ಇದನ್ನು ಹೆಸರುಗಳ ಒಂದು ಪಟ್ಟಿ, ತೂಕದ ಒಂದು ಪಟ್ಟಿ, ಮುಂಗಡದ ಒಂದು ಪಟ್ಟಿ ಎಂದು ಬಿಡಿಬಿಡಿಯಾಗಿ ಇಟ್ಟುಕೊಂಡೂ ಬರೆಯಬಹುದು. ಆದರೆ ಒಬ್ಬರು ಊರಿಗೆ ಹೋದರೆಂದು ಒಂದು ಪಟ್ಟಿಯಿಂದ ಹೆಸರು ತೆಗೆದರೆ ಅದರ ಕೆಳಗಿನ ಹೆಸರುಗಳೆಲ್ಲ ಒಂದೊಂದು ಮನೆ ಮೇಲೇರಿ ಒಬ್ಬರ ಮುಂಗಡ ಪಕ್ಕದವರ ತಲೆಗೆ ಬೀಳುತ್ತದೆ. ಯಾವ ಮಾಹಿತಿ ಯಾರದ್ದೋ ಅದು ಅವರ ಬಳಿಯೇ ಇರಲಿ, ಅದನ್ನು ಲೆಕ್ಕ ಹಾಕುವ ನಿಯಮವೂ ಅಲ್ಲೇ ಇರಲಿ. ಆಬ್ಜೆಕ್ಟ್ ಎಂದರೆ ನನ್ನ ಪಾಲಿಗೆ ಇಷ್ಟೇ.

ಹಾಗಾಗಿ ಮೊದಲು ಬರೆದದ್ದು ‘ಆಳು’ ಎಂಬ ಕ್ಲಾಸ್. ಅದರಲ್ಲಿ ಚೆಕ್‌ರೋಲ್ ನಂಬರು, ಹೆಸರು, ಮಾಡಿದ ಕೆಲಸಗಳ ಪಟ್ಟಿ ಇರುತ್ತವೆ. ಕ್ಲಾಸ್ ಹೇಳುವುದು ಪ್ರತಿ ಆಳಿಗೂ ಏನೇನು ಇರಬೇಕು, ಏನೇನು ಕೇಳಬಹುದು ಎಂಬುದನ್ನು ಮಾತ್ರ. ನಿಜವಾದ ನಂಬರು, ನಿಜವಾದ ತೂಕ ತುಂಬಿಕೊಂಡು ಹುಟ್ಟುವುದು ಆಬ್ಜೆಕ್ಟ್. ಆ ತೋಟದಲ್ಲಿ ಲಕ್ಷ್ಮಿ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರು. ಹೆಸರು ಒಂದೇ, ಒಂದು ದಿನ ಇಬ್ಬರ ತೂಕವೂ ಒಂದೇ ಇರಬಹುದು, ಆದರೂ ಇಬ್ಬರೂ ಬೇರೆ. ಒಳಗಿರುವ ಮಾಹಿತಿ ಸಮವಾದ ಮಾತ್ರಕ್ಕೆ ಎರಡು ಆಬ್ಜೆಕ್ಟುಗಳು ಒಂದೇ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನು ಪೈಥಾನ್ ಕ್ಲಾಸ್ ಬರೆಯುವಾಗ ಎಲ್ಲರೂ ತಡವರಿಸುವ ‘ಸೆಲ್ಫ್’ (self) ಎಂಬ ಪದ: ಈಗ ಯಾವ ಆಳಿನ ಲೆಕ್ಕ ಕೇಳುತ್ತಿದ್ದೇವೋ ಆ ಆಳೇ ಸೆಲ್ಫ್. ಕೆಲಸಗಳ ಖಾಲಿ ಪಟ್ಟಿಯನ್ನು ಸೆಲ್ಫ್‌ಗೆ ಸೇರಿಸದೆ ಕ್ಲಾಸ್‌ನ ಮೈಯಲ್ಲಿ ನೇರವಾಗಿ ಬರೆದರೆ ತೋಟಕ್ಕೆಲ್ಲ ಒಂದೇ ಪಟ್ಟಿಯಾಗುತ್ತದೆ. ಒಬ್ಬರು ಕೊಯ್ದದ್ದು ಎಲ್ಲರ ಲೆಕ್ಕಕ್ಕೂ ಜಮೆ. ಪೈಥಾನ್ ಇದಕ್ಕೆ ದೂರು ಹೇಳುವುದಿಲ್ಲ, ಹೇಳುವವರು ಸಾಹುಕಾರರು.

ಪಾಠಗಳಲ್ಲಿ ಇದಾದ ಮೇಲೆ ಬರುವುದು ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಗುಣಗಳನ್ನು ಪಡೆಯುವುದು. ‘ಆಳು’ ಎಂಬುದರಡಿ ‘ಕೊಯ್ಲಿನ ಆಳು’, ‘ದಿನಗೂಲಿ ಆಳು’, ‘ಗುತ್ತಿಗೆ ಆಳು’ ಎಂದು ಮೂರು ಕವಲು ಮಾಡುವುದು ಯಾರಿಗಾದರೂ ತಟ್ಟನೆ ಹೊಳೆಯುತ್ತದೆ. ಕವಲು ಹಾಕುವ ಮೊದಲು ನಾನು ಚೆಕ್‌ರೋಲ್ ತಿರುವಿ ಒಂದು ಹೆಸರಿನ ಮೇಲೆ ಬೆರಳಿಟ್ಟು, “ರೈಟರೇ, ಇವರು ಕೆ.ಜಿ. ಲೆಕ್ಕದವರೋ, ದಿನಗೂಲಿಯವರೋ?” ಎಂದು ಕೇಳಿದೆ.

“ಅದು ಅವತ್ತಿನ ಕೆಲಸ ನೋಡಿ ಹೇಳಬೇಕು ಸಾರ್,” ಎಂದರು ಅವರು. ಪುಸ್ತಕ ತೋರಿಸಿದರು. ಸೋಮವಾರ ಹಣ್ಣು ಕೊಯ್ದವರು ಮಂಗಳವಾರ ಕಣದಲ್ಲಿ ಕಾಫಿ ಹರಡಿದ್ದಾರೆ, ಬುಧವಾರ ಅರ್ಧ ದಿನ ಮಾತ್ರ ಬಂದಿದ್ದಾರೆ.

ವಿನ್ಯಾಸವೆಲ್ಲ ತೀರ್ಮಾನವಾದದ್ದು ಆ ಒಂದು ಉತ್ತರದಲ್ಲಿ. ಬಗೆಬಗೆಯಾಗಿರುವುದು ಆಳುಗಳಲ್ಲ, ಕೆಲಸಗಳು. ಕವಲೊಡೆಯಬೇಕಾದದ್ದು ‘ಕೆಲಸ’ ಎಂಬ ಕ್ಲಾಸ್. ಅದರಡಿ ಕೊಯ್ಲು, ದಿನಗೂಲಿ, ಗುತ್ತಿಗೆ. ಮೂರಕ್ಕೂ ‘ಕೂಲಿ’ ಎಂಬ ಒಂದೇ ಹೆಸರಿನ ಮೆಥಡ್, ಅಂದರೆ ಕೇಳಿದಾಗ ಲೆಕ್ಕ ಹಾಕಿ ಉತ್ತರ ಕೊಡುವ ಭಾಗ. ಕೊಯ್ಲಾದರೆ ಅದು ತೂಕವನ್ನು ದರದಿಂದ ಗುಣಿಸುತ್ತದೆ, ದಿನಗೂಲಿಯಾದರೆ ಇಡೀ ದಿನವೋ ಅರ್ಧವೋ ನೋಡುತ್ತದೆ, ಗುತ್ತಿಗೆಯಾದರೆ ಗುಂಡಿ ಎಣಿಸುತ್ತದೆ. ಲೆಕ್ಕ ಸುಲಭವಾಗಲೆಂದು ಕೆ.ಜಿ.ಗೆ 6 ರೂಪಾಯಿ, ದಿನಕ್ಕೆ 500 ಎಂದಿಟ್ಟುಕೊಳ್ಳಿ. ಸೋಮವಾರದ 84 ಕೆ.ಜಿ.ಗೆ 504, ಮಂಗಳವಾರ 500, ಬುಧವಾರ 250, ಒಟ್ಟು 1254. ಆಳಿನ ವಾರದ ಮೊತ್ತ ಕೂಡುವ ಮೆಥಡ್‌ಗೆ ಈ ವ್ಯತ್ಯಾಸ ಯಾವುದೂ ಗೊತ್ತಿಲ್ಲ. ಪಟ್ಟಿಯಲ್ಲಿರುವ ಪ್ರತಿ ಕೆಲಸಕ್ಕೂ ನಿನ್ನ ಕೂಲಿ ಎಷ್ಟು ಎಂದು ಕೇಳಿ ಕೂಡುತ್ತಾ ಹೋಗುತ್ತದೆ. ಪಾಲಿಮಾರ್ಫಿಸಂ ಎಂಬ ಬಾಯಿ ತುಂಬುವ ಹೆಸರಿನ ಹಿಂದಿರುವುದು ಇದೇ. ದರವನ್ನೂ ಆಯಾ ಕೆಲಸದ ಆಬ್ಜೆಕ್ಟ್‌ನಲ್ಲೇ ಇಟ್ಟೆ, ಯಾಕೆಂದರೆ ಮೇನ್ ಪಿಕಿಂಗ್ ಎನ್ನುವ ಮುಖ್ಯ ಕೊಯ್ಲು ಮುಗಿದು ಗಿಡದಲ್ಲಿ ಹಣ್ಣು ವಿರಳವಾದಾಗ ಕೆ.ಜಿ. ದರ ಏರುತ್ತದೆ, ಹಳೆಯ ವಾರಗಳ ಲೆಕ್ಕ ಅದರಿಂದ ಕದಲಬಾರದು.

ಇದರ ಲಾಭ ತಿಳಿದದ್ದು ಕಾಳುಮೆಣಸಿನ ಕೊಯ್ಲು ಬಂದಾಗ. ಏಣಿ ಹತ್ತಿ ಮೆಣಸು ಬಿಡಿಸುವವರಿಗೆ ದಿನಗೂಲಿಯ ಮೇಲೆ ಕೆ.ಜಿ. ಲೆಕ್ಕದಲ್ಲಿ ಇಷ್ಟು ಎಂದು ಹೆಚ್ಚುವರಿ ಕೊಡುವುದು ಅಲ್ಲಿನ ಪದ್ಧತಿ. ‘ಮೆಣಸು ಕೊಯ್ಲು’ ಎಂಬ ಹೊಸ ಕ್ಲಾಸ್ ಬರೆದು ಅದಕ್ಕೊಂದು ‘ಕೂಲಿ’ ಮೆಥಡ್ ಕೊಟ್ಟೆ. ಬಟವಾಡೆಯ ಭಾಗವನ್ನು ಮುಟ್ಟಲೇ ಇಲ್ಲ.

ಈ ಆಲೋಚನೆ ಹುಟ್ಟಿದ್ದೂ ನಿಜವಾದ ಕೆಲಸದ ನಡುವೆಯೇ, ನಾಯಿ ಬೆಕ್ಕುಗಳಿಂದಲ್ಲ. ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ 1960ರ ದಶಕದಲ್ಲಿ ಲೋಕದ ವ್ಯವಹಾರಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡಲು ಸಿಮುಲಾ ಭಾಷೆ ಕಟ್ಟಿದರು. ಕ್ಲಾಸ್, ಆಬ್ಜೆಕ್ಟ್, ಕವಲು ಕ್ಲಾಸ್ ಎಲ್ಲ ಸಿಮುಲಾ 67ರಲ್ಲೇ ಇದ್ದವು. ಈ ಕೆಲಸಕ್ಕೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ 2001ರ ಟ್ಯೂರಿಂಗ್ ಪ್ರಶಸ್ತಿ ಅವರಿಬ್ಬರಿಗೆ ಬಂತು. ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದ ಆಲನ್ ಕೇ ಅವರಂತೂ ಆಬ್ಜೆಕ್ಟ್‌ಗಿಂತ ಆಬ್ಜೆಕ್ಟ್‌ಗಳ ನಡುವಿನ ಸಂದೇಶವೇ ಮುಖ್ಯ ಎಂದು ಹೇಳುತ್ತಲೇ ಬಂದಿದ್ದಾರೆ. ‘ನಿನ್ನ ಕೂಲಿ ಎಷ್ಟು’ ಎಂಬುದು ಅಂಥದೇ ಸಂದೇಶ.

ಮುಂಗಡದ ವಿಷಯಕ್ಕೆ ಬರುತ್ತೇನೆ; ನನ್ನ ಹೆಚ್ಚಿನ ಸಮಯ ಹೋದದ್ದು ಅದಕ್ಕೇ. ಬಾಕಿ ಎಂಬ ಅಂಕಿಯನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ತಿದ್ದುವಂತಿದ್ದರೆ ಬಟವಾಡೆಯ ದಿನ ಜಗಳ ಖಂಡಿತ. ಆ ರೈಟರ್ ತಪ್ಪು ಬರೆದರೂ ಅಳಿಸುವುದಿಲ್ಲ, ಕೆಳಗೆ ತಿದ್ದುಪಡಿಯ ಸಾಲು ಬರೆದು ಸಹಿ ಹಾಕುತ್ತಾರೆ. ನಾನೂ ಅದನ್ನೇ ಅನುಸರಿಸಿದೆ. ‘ಮುಂಗಡ ಖಾತೆ’ ಎಂಬ ಕ್ಲಾಸ್, ಒಳಗೆ ನಮೂದುಗಳ ಪಟ್ಟಿ. ಹೊರಗಿನವರಿಗೆ ‘ಕೊಡು’, ‘ಮುರಿ’, ‘ಬಾಕಿ’ ಎಂಬ ಮೂರು ಬಾಗಿಲು ಮಾತ್ರ. ಬಾಕಿಗಿಂತ ಹೆಚ್ಚು ಮುರಿಯಲು ಹೋದರೆ ಖಾತೆಯೇ ಒಪ್ಪುವುದಿಲ್ಲ. ಎನ್‌ಕ್ಯಾಪ್ಸುಲೇಶನ್ ಎಂದರೆ ಇದು. ಪೈಥಾನ್ ಇದಕ್ಕೆ ಬೀಗವನ್ನೇನೂ ಕೊಡುವುದಿಲ್ಲ. ಹೆಸರಿನ ಮೊದಲು ಒಂದು ಅಡಿಗೆರೆ (_) ಹಾಕಿದರೆ ‘ಇದು ಒಳಗಿನದು, ಮುಟ್ಟಬೇಡಿ’ ಎಂಬ ವಾಡಿಕೆಯ ಸೂಚನೆ ಮಾತ್ರ. ಜಾವಾ ಭಾಷೆಯಲ್ಲಾದರೆ ‘ಪ್ರೈವೇಟ್’ ಎಂದು ಗುರುತಿಸಿದ್ದನ್ನು ಹೊರಗಿನಿಂದ ಮುಟ್ಟಲು, ಪ್ರೋಗ್ರಾಂ ಅನ್ನು ಅನುವಾದಿಸುವ ಕಂಪೈಲರ್ ಬಿಡುವುದಿಲ್ಲ.

ಖಾತೆಯನ್ನು ಆಳಿನೊಳಗೆ ಬೆರೆಸದೆ ಪ್ರತ್ಯೇಕ ಆಬ್ಜೆಕ್ಟ್ ಮಾಡಿದ್ದಕ್ಕೂ ಕಾರಣವಿದೆ. ಆಳುಗಳು ವಾಸಿಸುವ ಲೈನ್ ಮನೆಯಲ್ಲಿ ಮುಂಗಡ ಪಡೆಯುವವರು ಗಂಡ, ವಾರವಾರ ಮುರಿಯುವುದು ಇಬ್ಬರ ಕೂಲಿಯಲ್ಲಿ. ಗಂಡ ಹೆಂಡತಿ ಇಬ್ಬರ ಆಬ್ಜೆಕ್ಟ್‌ಗಳೂ ಒಂದೇ ಖಾತೆಯನ್ನು ತೋರಿಸುವಂತೆ ಮಾಡಿದರೆ ಮುಗಿಯಿತು, ಯಾರ ಕಡೆಯಿಂದ ಮುರಿದರೂ ಬಾಕಿ ಒಂದೇ. ಆಳು ‘ಒಂದು ಬಗೆಯ ಖಾತೆ’ ಅಲ್ಲ, ಆಳಿಗೆ ಖಾತೆ ‘ಇದೆ’. ಅನುಮಾನ ಬಂದಾಗಲೆಲ್ಲ ನಾನು ಈ ‘ಇದೆ’ ಕಡೆಗೇ ವಾಲುತ್ತೇನೆ. ಇನ್‌ಹೆರಿಟೆನ್ಸ್‌ಗೆ ಪಾಠಗಳಲ್ಲಿ ಸಿಗುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು ಎಂದೇ ನನ್ನ ಅಭಿಪ್ರಾಯ.

ಎಲ್ಲವನ್ನೂ ಕ್ಲಾಸ್ ಮಾಡಲು ಹೋಗಲಿಲ್ಲ. ಬಟವಾಡೆ ಪಟ್ಟಿ ಮುದ್ರಿಸುವುದು, ಹಾಜರಿಯ ಫೈಲ್ ಓದುವುದು ಯಾವ ಕ್ಲಾಸಿಗೂ ಸೇರದ ಸಾಮಾನ್ಯ ಫಂಕ್ಷನ್‌ಗಳಾಗಿಯೇ ಉಳಿದಿವೆ. ನೆನಪಿಟ್ಟುಕೊಳ್ಳಬೇಕಾದ ಸ್ಥಿತಿ ಏನೂ ಇಲ್ಲದಿದ್ದರೆ ಕ್ಲಾಸ್ ಬರೆಯುವುದು ಬೆರಳಿಗೆ ದಂಡ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿಯೇ ಇಟ್ಟಿದ್ದೇನೆ, 0.1ಕ್ಕೆ 0.2 ಕೂಡಿದರೆ 0.30000000000000004 ಎನ್ನುವ ಕಂಪ್ಯೂಟರಿನ ದಶಮಾಂಶ ಲೆಕ್ಕವನ್ನು ನಂಬಿ ಕೂಲಿ ಹಂಚಲಾಗದು.

ಕನ್ನಡದಲ್ಲಿ ಹೆಸರಿಡಬಹುದೇ ಎಂದು ಕೇಳುವವರಿಗೆ: ಪೈಥಾನ್ 3ರಿಂದ ಇಡಬಹುದು. ಆಳು, ಕೊಯ್ಲು, ಮುಂಗಡ ಎಲ್ಲವೂ ಸಲೀಸಾಗಿ ನಡೆಯುತ್ತವೆ. ‘ಚೆಕ್‌ರೋಲ್’ ಮಾತ್ರ ನಡೆಯುವುದಿಲ್ಲ. ಅದರ ನಡುವೆ ಅಕ್ಷರಗಳು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ; ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ನನ್ನ ಪ್ರೋಗ್ರಾಂನಲ್ಲಿ ಚೆಕ್‌ರೋಲ್‌ಗೆಂದು ಬರೆದ ಕ್ಲಾಸ್‌ನ ಹೆಸರು ‘ಹಾಜರಿ’.