ಡಿಸ್ಕ್ ಗಾಲ್ಫ್: ಜೋರಾಗಿ ಬೇಡ, ಮಟ್ಟಸವಾಗಿ ಬೀಸಿ

ಕ್ಯಾಲಿಫೋರ್ನಿಯಾದ ಪಾರ್ಕುಗಳಲ್ಲಿ ವಾಕಿಂಗ್ ಹೋಗುವವರು ಇದನ್ನು ನೋಡಿಯೇ ಇರುತ್ತೀರಿ. ಒಂದು ಕಬ್ಬಿಣದ ಕಂಬ, ಮೇಲಿಂದ ಇಳಿಬಿದ್ದ ಸರಪಳಿಗಳು, ಕೆಳಗೊಂದು ತಂತಿ ಬುಟ್ಟಿ. ಊರಿಂದ ಬಂದಿದ್ದ ನಮ್ಮಪ್ಪ ಕಸದ ಬುಟ್ಟಿ ಅಂದುಕೊಂಡು ಬಾಳೆಹಣ್ಣಿನ ಸಿಪ್ಪೆ ಹಾಕಲು ಹೋಗಿದ್ದರು. ಅದು ಡಿಸ್ಕ್ ಗಾಲ್ಫಿನ ಗುರಿ. ಗಾಲ್ಫಿನ ಚೆಂಡಿನ ಬದಲು ಡಿಸ್ಕ್ ಎಂಬ ಪ್ಲಾಸ್ಟಿಕ್ ತಟ್ಟೆ, ಕೋಲಿನ ಬದಲು ನಿಮ್ಮ ಕೈ. ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ ಬೀಳಿಸಿದವರು ಗೆದ್ದರು, ಅಷ್ಟೇ.

ಮೊದಲೆಲ್ಲ ಜನ ಮರಕ್ಕೋ ದೀಪದ ಕಂಬಕ್ಕೋ ಗುರಿಯಿಟ್ಟು ಆಡುತ್ತಿದ್ದರು. 1975ರಲ್ಲಿ ಎಡ್ ಹೆಡ್ರಿಕ್ ಎಂಬಾತ ಲಾಸ್ ಏಂಜಲೀಸ್ ಹತ್ತಿರದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್, ಅಂದರೆ ಆಟದ ಅಂಗಳ, ಮಾಡಿದ. ಸರಪಳಿ ಬುಟ್ಟಿಯೂ ಅವನದೇ ಕಲ್ಪನೆ, 1977ರಲ್ಲಿ ಪೇಟೆಂಟ್ ಸಿಕ್ಕಿತು. ಡಿಸ್ಕ್ ತಾಗಿತೋ ಇಲ್ಲವೋ ಅನ್ನುವ ಜಗಳವೇ ಬೇಡ, ಝಣ್ ಅಂತ ಸದ್ದಾಗುತ್ತದೆ. ಈಗ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲೂ 18 ಹೋಲುಗಳ, ಅಂದರೆ 18 ಬುಟ್ಟಿಗಳ, ಕೋರ್ಸ್ ಇದೆ. ಪಾರ್ಕಿನ ಕೋರ್ಸುಗಳಲ್ಲಿ ಬಹುಪಾಲು ಕಡೆ ಶುಲ್ಕವಿಲ್ಲ.

ಹಂತ 1: ಒಂದೇ ಒಂದು ಡಿಸ್ಕ್ ಕೊಳ್ಳಿ. ಅದು ಪಟರ್, ಅಂದರೆ ಹತ್ತಿರದ ಎಸೆತಕ್ಕೆ ಬಳಸುವ ನಿಧಾನದ ಡಿಸ್ಕ್, ಆಗಿರಲಿ. ಹೊಸಬರು ಅಂಗಡಿಗೆ ಹೋಗಿ 'ತುಂಬಾ ದೂರ ಹೋಗೋದು ಕೊಡಿ' ಅಂತ ಡ್ರೈವರ್ ಎಂಬ ದೂರದ ಎಸೆತದ ಡಿಸ್ಕ್ ತರುತ್ತಾರೆ. ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲನೆಯದು ವೇಗ. ಪಟರಿಗೆ 2 ಅಥವಾ 3, ದೂರದ ಡ್ರೈವರಿಗೆ 10ಕ್ಕಿಂತ ಜಾಸ್ತಿ. ಈ 12, 13ರ ಡಿಸ್ಕುಗಳು ನಿಮ್ಮ ಕೈಯಲ್ಲಿ ಅಷ್ಟು ವೇಗ ಇದ್ದರೆ ಮಾತ್ರ ಹಾರುತ್ತವೆ. ಇಲ್ಲದಿದ್ದರೆ ಸ್ವಲ್ಪ ದೂರ ಹೋಗಿ ಎಡಕ್ಕೆ ಧೊಪ್ಪೆಂದು ಬೀಳುತ್ತವೆ. ನನ್ನ ಮೊದಲ ಮೂರು ತಿಂಗಳು ಹೀಗೇ ಹಾಳಾಯಿತು. ಬೀಚಿನಲ್ಲಿ ಆಡುವ ಅಗಲದ ತಟ್ಟೆ, ನಾಯಿಗೆ ಎಸೆಯುವ ಮೆತ್ತನೆಯ ತಟ್ಟೆ ಕೂಡ ಬೇಡ. ಗಾಲ್ಫ್ ಡಿಸ್ಕ್ ಸುಮಾರು 21 ಸೆಂಟಿಮೀಟರ್ ಅಗಲ. ವಯಸ್ಸಾದವರಿಗೆ, ಮಕ್ಕಳಿಗೆ 150 ಗ್ರಾಮಿನ ಆಸುಪಾಸಿನ ಹಗುರದ್ದು ಕೊಡಿಸಿ. ಆನ್‌ಲೈನಿನಲ್ಲಿ ಸಿಗುವ ಹನ್ನೆರಡು ಡಿಸ್ಕಿನ ಅಗ್ಗದ ಸೆಟ್ ಸುಮ್ನೆ ದಂಡ.

ಹಂತ 2: ಬುಟ್ಟಿಗೆ ಎದುರಾಗಿ ನಿಲ್ಲಬೇಡಿ. ಅಡ್ಡಲಾಗಿ ನಿಲ್ಲಿ, ಬಲಗೈಯವರ ಬಲ ಭುಜ ಬುಟ್ಟಿಯ ಕಡೆಗಿರಲಿ. ಎಡಗೈಯವರು ಇಲ್ಲಿಂದ ಮುಂದೆ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಿ.

ಹಂತ 3: ಬೀಸುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಹಿಡಿತದಿಂದ ಶುರು ಮಾಡೋಣ. ಹೆಬ್ಬೆರಳು ಡಿಸ್ಕಿನ ಮೇಲೆ, ಉಳಿದ ನಾಲ್ಕೂ ಬೆರಳು ಅಡಿಯಲ್ಲಿ, ಒಳಗಿನ ಅಂಚಿಗೆ ಒತ್ತಿಕೊಂಡು. ತೋರುಬೆರಳನ್ನು ಹೊರ ಅಂಚಿನುದ್ದಕ್ಕೂ ಚಾಚಬೇಡಿ.

ಈಗ ಡಿಸ್ಕಿನ ಮೂಗು, ಅಂದರೆ ಗುರಿಯ ಕಡೆಗಿರುವ ಅಂಚು. ಹತ್ತರಲ್ಲಿ ಒಂಬತ್ತು ಹೊಸಬರು ಮೂಗನ್ನು ಮೇಲಕ್ಕೆತ್ತಿ ಬೀಸುತ್ತಾರೆ. ಮೇಲಕ್ಕೆ ಎಸೆದರೆ ದೂರ ಹೋಗುತ್ತೆ ಅನ್ನಿಸುವುದು ಸಹಜ ಅಲ್ವಾ? ಕಲ್ಲಿಗೆ ಸರಿ, ಡಿಸ್ಕಿಗೆ ಅಲ್ಲ. ಮೂಗೆತ್ತಿದ ಡಿಸ್ಕ್ ಗಾಳಿಗೆ ಎದೆಯೊಡ್ಡಿ ಏರುತ್ತದೆ, ಮೇಲೆ ಹೋಗಿ ಒಂದು ಕ್ಷಣ ನಿಂತ ಹಾಗಾಗುತ್ತದೆ, ಆಮೇಲೆ ಎಡಕ್ಕೆ ಜಾರಿ ಬೀಳುತ್ತದೆ. ಜನ ಆಗ 'ಶಕ್ತಿ ಸಾಲಲಿಲ್ಲ' ಅಂತ ಇನ್ನೂ ಜೋರಾಗಿ ಬೀಸುತ್ತಾರೆ. ಅದು ಇನ್ನೂ ಎತ್ತರ ಹೋಗಿ, ಇನ್ನೂ ಎಡಕ್ಕೆ ಬೀಳುತ್ತದೆ.

ಇದಕ್ಕೆ ಮದ್ದು ಮಣಿಕಟ್ಟಿನಲ್ಲಿದೆ. ಲೋಟದಿಂದ ಬಟ್ಟಲಿಗೆ ಕಾಫಿ ಬಗ್ಗಿಸುವಾಗ ಮಣಿಕಟ್ಟು ಹೇಗೆ ಸ್ವಲ್ಪ ಕೆಳಕ್ಕೆ ಬಾಗುತ್ತದೋ ಹಾಗೆ ಬಾಗಲಿ. ಇಲ್ಲಿಯ ಆಟಗಾರರೂ ಕಾಫಿ ಸುರಿಯುವ ಈ ಉದಾಹರಣೆಯನ್ನೇ ಕೊಡುತ್ತಾರೆ. ದಿನಾ ಬೆಳಿಗ್ಗೆ ಕಾಫಿ ಆರಿಸಿ ಕುಡಿಯುವ ನಮಗೆ ಅದನ್ನು ಬೇರೆ ಕಲಿಸಬೇಕೇ?

ಆಮೇಲೆ ದಾರಿ. ಕೈಯನ್ನು ಹಿಂದಕ್ಕೆ ಚಾಚಿ, ಎದೆಯ ಎತ್ತರದಲ್ಲಿ ನೇರ ಗೆರೆ ಎಳೆದ ಹಾಗೆ ಡಿಸ್ಕನ್ನು ಮುಂದಕ್ಕೆ ಎಳೆಯಿರಿ. ಹೊಟ್ಟೆಯ ಸುತ್ತ ಅರ್ಧಚಂದ್ರ ಸುತ್ತಿಸಿದರೆ ಡಿಸ್ಕ್ ಪಕ್ಕದಲ್ಲಿ ಆಡುತ್ತಿರುವವರ ಮೇಲೆ ಹೋಗುತ್ತದೆ. ಮೊಣಕೈ ಮೊದಲು, ಅದರ ಹಿಂದೆ ಮಣಿಕಟ್ಟು, ಒದ್ದೆ ಟವೆಲ್ ಒದರಿದ ಹಾಗೆ ಕೊನೆಯಲ್ಲೊಂದು ಚಿಮ್ಮು. ಆ ಚಿಮ್ಮೇ ಡಿಸ್ಕಿಗೆ ಸುತ್ತು ಕೊಡುವುದು. ಬುಗುರಿ ಸುತ್ತಿದಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ಸುತ್ತದಿದ್ದರೆ ಬೀಳುತ್ತದೆ. ಡಿಸ್ಕೂ ಹಾಗೇ. ಎಲ್ಲ ಸರಿಯಾಗಿ ಮಾಡಿದರೂ ವೇಗ ಕುಗ್ಗಿದ ಮೇಲೆ ಕೊನೆಯಲ್ಲಿ ತುಸು ಎಡಕ್ಕೆ ವಾಲಿಯೇ ವಾಲುತ್ತದೆ. ಅದು ತಪ್ಪಲ್ಲ, ಅದಕ್ಕೆ ತಕ್ಕಂತೆ ಬುಟ್ಟಿಯ ಸ್ವಲ್ಪ ಬಲಕ್ಕೆ ಗುರಿಯಿಡಿ.

ವಿಡಿಯೊದಲ್ಲಿ ನೋಡಿ ಓಡಿ ಬಂದು ಬೀಸಬೇಡಿ. ಒಂದು ತಿಂಗಳು ನಿಂತಲ್ಲಿಂದಲೇ, ಅರ್ಧ ಶಕ್ತಿಯಲ್ಲಿ. ಪಟರಿನಲ್ಲಿ 40 ಮೀಟರ್ ನೇರ ಹೋದರೆ ನೀವು ಕಲಿತಿರಿ.

ನಮ್ಮಪ್ಪನಿಗೆ ಈ ಯಾವ ಪಾಠವೂ ಹತ್ತಲಿಲ್ಲ. ಅರ್ಧ ಗಂಟೆ ನೋಡಿ, 'ಕೆರೇಲಿ ಹೆಂಚಿನ ಚೂರು ಕುಪ್ಪಳಿಸ್ತಿದ್ವಲ್ಲ, ಹಾಗೆ ಎಸೆದ್ರೆ ಆಗಲ್ವೇನಪ್ಪಾ?' ಅಂದರು. ಆಗುತ್ತದೆ! ಅದಕ್ಕೆ ಫೋರ್‌ಹ್ಯಾಂಡ್ ಅನ್ನುತ್ತಾರೆ. ಅಂಗೈ ಮೇಲ್ಮುಖ, ಎರಡು ಬೆರಳು ಡಿಸ್ಕಿನ ಅಡಿಯಲ್ಲಿ, ಪಕ್ಕದಿಂದ ಚಿಮ್ಮುವುದು. ಇದು ಕೊನೆಯಲ್ಲಿ ಬಲಕ್ಕೆ ವಾಲುತ್ತದೆ. ಎಪ್ಪತ್ತೊಂದರ ಮನುಷ್ಯ ಮೂರನೇ ಎಸೆತಕ್ಕೇ ನನ್ನದನ್ನು ದಾಟಿಸಿದರು. ಬಾಲ್ಯದಲ್ಲಿ ಕೆರೆದಂಡೆ ಕಂಡವರು ಇಲ್ಲಿಂದಲೇ ಶುರು ಮಾಡಬಹುದು.

ಹಂತ 4: ಡಿಸ್ಕ್ ಬಿದ್ದ ಜಾಗಕ್ಕೆ ನಡೆದು ಹೋಗಿ, ಅದರ ಹಿಂದೆ ನಿಂತು ಮತ್ತೆ ಎಸೆಯಿರಿ. ಬುಟ್ಟಿಯಿಂದ ಜಾಸ್ತಿ ದೂರ ಇರುವವರದು ಮೊದಲ ಸರದಿ. ಗಡಿ ದಾಟಿದರೆ ಒಂದು ಎಸೆತ ಜಾಸ್ತಿ ಬರೆದುಕೊಳ್ಳಿ.

ಹಂತ 5: ಬುಟ್ಟಿ 10 ಮೀಟರ್ ಒಳಗಿದ್ದರೆ ಬೀಸಬೇಡಿ, ಮೆಲ್ಲಗೆ ತಳ್ಳಿ. ಸರಪಳಿಯ ನಡುವಿನ ಒಂದು ಕೊಂಡಿಯನ್ನು ಆರಿಸಿ ಅದನ್ನೇ ನೋಡಿ, ಇಡೀ ಬುಟ್ಟಿಯನ್ನಲ್ಲ. ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸುವ ಹಾಗಿಲ್ಲ. ಮೈ ಸ್ಥಿರವಾಗಿ ನಿಂತ ಮೇಲೇ ಹೆಜ್ಜೆ ಇಡಬೇಕು, ಅದು ನಿಯಮ.

ಹಂತ 6: ಡಿಸ್ಕ್ ಹುಡುಕುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಸಿರು ಬಣ್ಣದ್ದು ಕೊಳ್ಳಬೇಡಿ, ಹುಲ್ಲಲ್ಲಿ ಕಾಣುವುದಿಲ್ಲ. ಅಡಿಯಲ್ಲಿ ಮಾರ್ಕರಿನಿಂದ ಫೋನ್ ನಂಬರ್ ಬರೆಯಿರಿ, ಸಿಕ್ಕವರು ಮೆಸೇಜ್ ಮಾಡುವುದುಂಟು. ಪೊದೆಗೆ ಕೈ ಹಾಕುವ ಮುಂಚೆ ಮಾತ್ರ ಎಲೆ ಎಣಿಸಿ. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಪಾಯ್ಸನ್ ಓಕ್ ಎಂಬ ಗಿಡ ಧಾರಾಳವಾಗಿ ಬೆಳೆಯುತ್ತದೆ. ಒಂದೊಂದು ತೊಟ್ಟಿಗೂ ಮೂರು ಎಲೆ. ನಮ್ಮಮ್ಮ ಅದನ್ನು ನೋಡಿ 'ಬಿಲ್ವಪತ್ರೆ ಥರ ಇದೆಯಲ್ಲೋ' ಅಂತ ಕೀಳಲು ಕೈ ಚಾಚಿದ್ದರು, ಸದ್ಯ ತಡೆದೆ. ಮುಟ್ಟಿದರೆ ವಾರಗಟ್ಟಲೆ ತುರಿಕೆ, ಗುಳ್ಳೆ. ಡಿಸ್ಕ್ ಅದರೊಳಗೆ ಹೋಗಿದ್ದರೆ ಅಲ್ಲೇ ಬಿಟ್ಟುಬಿಡಿ. ಇನ್ನೊಂದು ಪಟರಿಗೆ ಹದಿನೈದು ಡಾಲರ್ ಆಗಬಹುದು.