ವಾರಂಟ್ ಇಲ್ಲದೆ ಬಂದ ಪೊಲೀಸರಿಗೆ ನಾನು ಕೇಳಿದ ಕಾಗದ

‘ವಾರಂಟ್ ತೋರಿಸಿ, ಇಲ್ಲವಾದರೆ ಹೊರಡಿ’ ಎಂದುಬಿಟ್ಟರೆ ಪೊಲೀಸರು ಹಿಂದಿರುಗುತ್ತಾರೆ ಎಂದು ನಂಬಿದವರು ನಮ್ಮ ಬೀದಿಯಲ್ಲೇ ಬೇಕಾದಷ್ಟಿದ್ದಾರೆ. ಸಿನಿಮಾದಲ್ಲಿ ಅದು ನಡೆಯುತ್ತದೆ. ನಮ್ಮ ಕಾನೂನಿನಲ್ಲಿ ವಾರಂಟ್ ಇಲ್ಲದೆಯೂ ಮನೆ ಶೋಧಿಸಲು ದಾರಿ ಇದೆ; ಆದರೆ ಅಧಿಕಾರಿ ಮೊದಲು ಬರೆಯಬೇಕು, ಆಮೇಲೆ ಹುಡುಕಬೇಕು. ನಾನು ಪಟ್ಟು ಹಿಡಿದದ್ದು ಆ ಬರಹಕ್ಕೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಮ್ಮದು ಸಣ್ಣ ಮನೆ. ಕೆಳಗೆ ನಾನು, ಹೆಂಡತಿ. ಮೇಲೆ ಬಾಡಿಗೆಗೆ ಹುಬ್ಬಳ್ಳಿ ಕಡೆಯ ಹುಡುಗ. ಒಂದು ರಾತ್ರಿ ಊಟದ ಹೊತ್ತಿಗೆ ಸಮವಸ್ತ್ರದಲ್ಲಿ ಒಬ್ಬರು, ಮಫ್ತಿಯಲ್ಲಿ ಇನ್ನೊಬ್ಬರು ಬಂದರು. ಕಳವಾದ ಲ್ಯಾಪ್‌ಟಾಪ್ ಒಂದು ಮೇಲಿನ ಮನೆಯಲ್ಲಿದೆಯಂತೆ. ಹುಡುಗ ಇರಲಿಲ್ಲ. “ಯಜಮಾನರೇ, ನಿಮ್ಮ ಹತ್ತಿರ ಇನ್ನೊಂದು ಕೀಲಿ ಇರುತ್ತದಲ್ಲ, ತೆಗೆದುಬಿಡಿ, ಐದು ನಿಮಿಷದ ಕೆಲಸ” ಎಂದರು.

ಗ್ರಿಲ್ ತೆಗೆಯದೆಯೇ ಮಾತನಾಡಿದೆ. ಹೆಸರು, ಠಾಣೆ, ಎಫ್‌ಐಆರ್ ಸಂಖ್ಯೆ ಕೇಳಿ ಬರೆದುಕೊಂಡೆ. ಅಷ್ಟರಲ್ಲಿ ಹೆಂಡತಿ ಠಾಣೆಗೆ ಫೋನ್ ಮಾಡಿ, ಇಂಥವರನ್ನು ಕಳುಹಿಸಿದ್ದು ನಿಜವೇ ಎಂದು ವಿಚಾರಿಸಿದಳು. ಬಂದವರೇ ಕೊಡುವ ನಂಬರಿಗೆ ಇಂಥ ಕರೆ ಮಾಡಬಾರದು. ನಾವೇ ಹುಡುಕಿದ ಠಾಣೆಯ ನಂಬರು, ಇಲ್ಲವೇ 112. ಪೊಲೀಸರೆಂದು ಹೇಳಿಕೊಂಡು ದೋಚುವವರೂ ಇರುವ ಊರು ಇದು.

ಬಂದವರು ನಿಜವಾದ ಪೊಲೀಸರೇ. ಆದರೆ ಇಬ್ಬರೂ ಕಾನ್‌ಸ್ಟೆಬಲ್‌ಗಳು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನ ಪ್ರಕಾರ, ವಾರಂಟ್‌ಗೆ ಕಾಯುವಷ್ಟು ಸಮಯವಿಲ್ಲ ಎನಿಸಿದರೆ ತನಿಖಾಧಿಕಾರಿ ತನ್ನ ನಂಬಿಕೆಗೆ ಕಾರಣವೇನು, ಯಾವ ವಸ್ತು ಬೇಕು ಎಂಬುದನ್ನು ಕೇಸ್ ಡೈರಿಯಲ್ಲಿ ಬರೆದು ಶೋಧಿಸಬಹುದು. ತಾನು ಬರಲಾಗದಿದ್ದರೆ ಅದಕ್ಕೂ ಕಾರಣ ಬರೆದು, ಕೈಕೆಳಗಿನವರಿಗೆ ಲಿಖಿತ ಆದೇಶ ಕೊಟ್ಟು ಕಳುಹಿಸಬೇಕು. ನಾನು ಕೇಳಿದ್ದು ಇಷ್ಟೇ: “ಸಾರ್, ಆ ಆದೇಶ ತಂದಿದ್ದೀರಾ?” ತಂದಿರಲಿಲ್ಲ.

ಕೀಲಿಯ ಮಾತು ಬೇರೆ. ಗೋಡೆ ನನ್ನದಾದರೂ ಬಾಡಿಗೆಗೆ ಕೊಟ್ಟ ಮೇಲೆ ಅದರೊಳಗಿನ ಸಂಸಾರ ನನ್ನದಲ್ಲ. ಹುಡುಗನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ, ಕೀಲಿ ಕೊಡಲಿಲ್ಲ. ‘ಹಾಗಾದರೆ ಠಾಣೆಗೆ ಬಂದು ಹೇಳಿಕೆ ಕೊಡಿ’ ಎಂದರು. ಅರವತ್ತು ದಾಟಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೇ ಆಗಲಿ, ಸಾಕ್ಷಿ ಹೇಳಿಕೆಗೆಂದು ಮನೆಯಿಂದಾಚೆ ಬರಲೇಬೇಕೆಂದು ಹೇಳುವಂತಿಲ್ಲ ಎನ್ನುತ್ತದೆ 179ನೇ ಕಲಮು. ಇಲ್ಲಿಯೇ ಕೂತು ಬರೆದುಕೊಳ್ಳಿ, ಕಾಫಿ ಕೊಡುತ್ತೇವೆ ಎಂದೆ. ಕಾಫಿ ಬೇಡವೆಂದು ಹೊರಟರು.

ಆರೋಪಿಯೊಬ್ಬ ಒಳಗೆ ನುಗ್ಗಿದ್ದು, ಅವನನ್ನು ಬಂಧಿಸಲು ಬಂದಿದ್ದರೆ ನಾನು ಬಾಗಿಲು ತೆರೆಯುತ್ತಿದ್ದೆ. 44ನೇ ಕಲಮಿನಂತೆ ಅಲ್ಲಿ ಒಳಗೆ ಬಿಡುವುದು ನಮ್ಮ ಕರ್ತವ್ಯ. ಬಿಡದಿದ್ದರೆ ಬಾಗಿಲು ಮುರಿಯುವ ಅಧಿಕಾರವೂ ಅವರಿಗಿದೆ. ಯಾವ ಸಂದರ್ಭದಲ್ಲೂ ಮೈ ಅಡ್ಡ ಹಾಕಿ ತಳ್ಳಾಡಬಾರದು. ಕರ್ತವ್ಯಕ್ಕೆ ಅಡ್ಡಿಪಡಿಸಿದ ಕೇಸು ಬಿದ್ದರೆ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿದು ನಾವೇ ಆರೋಪಿಗಳಾಗುತ್ತೇವೆ.

ಮರುದಿನ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರೇ ಬಂದರು, ಕಾರಣ ಬರೆದುಕೊಂಡೇ ಬಂದಿದ್ದರು. ಹುಡುಗನೂ ಇದ್ದ. ಶೋಧವನ್ನು ಕಣ್ಣಾರೆ ನೋಡಿ ಸಹಿ ಹಾಕುವ ಪಂಚರಾಗಿ ಆಸುಪಾಸಿನ ಇಬ್ಬರು ಬೇಕು. ಎದುರು ಮನೆಯ ನಿವೃತ್ತ ಮೇಷ್ಟ್ರು ಕೋರ್ಟಿಗೆ ಅಲೆಯಬೇಕಾಗುತ್ತದೆಂದು ಹಿಂಜರಿದರು. ನ್ಯಾಯಾಲಯವೇ ವಿಶೇಷವಾಗಿ ಕರೆದ ಹೊರತು ಪಂಚರು ಹೋಗಬೇಕಿಲ್ಲ ಎಂದು 103ನೇ ಕಲಮಿನ ಮಾತು ಹೇಳಿದ ಮೇಲೆ ಚಪ್ಪಲಿ ಮೆಟ್ಟಿ ಬಂದರು. ಪೊಲೀಸರು ಮೊಬೈಲಿನಲ್ಲಿ ಶೋಧದ ಚಿತ್ರೀಕರಣ ಮಾಡಿದರು. ಅದು ಈಗ ಕಡ್ಡಾಯ. ಲ್ಯಾಪ್‌ಟಾಪ್ ಸಿಕ್ಕಿತು. ಹುಡುಗ ಅದನ್ನು ಹಳೆಯ ಮಾಲು ಎಂದು ಕೊಂಡಿದ್ದ.

ನಾನು ಹೆಚ್ಚು ಹೊತ್ತು ಕಳೆದದ್ದು ಮಹಜರಿನ ಮೇಲೆ, ಅಂದರೆ ಶೋಧದಲ್ಲಿ ನಡೆದದ್ದನ್ನೂ ಸಿಕ್ಕಿದ್ದನ್ನೂ ದಾಖಲಿಸುವ ಕಾಗದದ ಮೇಲೆ. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲಿಯೇ. ಶೋಧದ ಹೊತ್ತಿನಲ್ಲಿ ಗಟ್ಟಿಯಾಗಿ ನಿಂತವರು ಸಹಿಯ ಹೊತ್ತಿಗೆ ಸುಸ್ತಾಗಿರುತ್ತಾರೆ. ಲ್ಯಾಪ್‌ಟಾಪಿನ ಸೀರಿಯಲ್ ನಂಬರು ಬರೆಯಿಸಿದೆ, ಚಾರ್ಜರ್ ಸೇರಿಸಿದೆ, ಶುರುವಾದ ಮತ್ತು ಮುಗಿದ ಸಮಯ ಹಾಕಿಸಿದೆ, ಖಾಲಿ ಬಿಟ್ಟ ಜಾಗಕ್ಕೆ ಗೆರೆ ಎಳೆಯಿಸಿದೆ. ಜಪ್ತಿ ಪಟ್ಟಿಯ ಪ್ರತಿಯನ್ನು ಹುಡುಗ ಅಲ್ಲಿಯೇ ಪಡೆದ. ಶೋಧದಲ್ಲಿ ನಿಯಮ ತಪ್ಪಿದರೆ ಸಿಕ್ಕ ವಸ್ತು ಸಾಕ್ಷ್ಯವಾಗುವುದೇ ಇಲ್ಲ ಎಂದು ಲೆಕ್ಕ ಹಾಕಿ ಕೂರಬಾರದು. 1973ರ ಪೂರಣ್ ಮಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ತಕರಾರಿದ್ದರೆ ಆಗಲೇ ಬರೆಯಿಸಬೇಕು.

ಕಾರಣ ಬರೆದ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಮನೆಯ ಮಾಲೀಕರಾಗಲಿ ವಾಸವಿರುವವರಾಗಲಿ ಅರ್ಜಿ ಕೊಟ್ಟರೆ ಅದು ಉಚಿತವಾಗಿ ಸಿಗುತ್ತದೆ. ನೃಪತುಂಗ ರಸ್ತೆಯ ನ್ಯಾಯಾಲಯದಲ್ಲಿ ನಾನೇ ಅರ್ಜಿ ಹಾಕಿ ತಂದೆ. ಮಾಲು ಮಾರಿದವನ ಹೇಳಿಕೆಯ ಮೇಲೆ ನಮ್ಮ ವಿಳಾಸ ಸಿಕ್ಕಿತೆಂದು ಅದರಲ್ಲಿತ್ತು. ಅದನ್ನು ಓದಿದ ಹುಡುಗ, ಅವನಿಗೆ ಹಣ ಕಳುಹಿಸಿದ ಯುಪಿಐ ದಾಖಲೆಯನ್ನು ವಕೀಲರ ಮೂಲಕ ಠಾಣೆಗೆ ಒಪ್ಪಿಸಿದ. ಈಗ ಹುಡುಗ ಆ ಪ್ರಕರಣದಲ್ಲಿ ಸಾಕ್ಷಿ.