ಗೋಡೆಯೊಳಗಿನ ಪೈಪಿನ ಫೋಟೊ ಎಲ್ಲಿ ಇಡಬೇಕು?

ಮೈಸೂರಿನ ಬೋಗಾದಿ, ದಟ್ಟಗಳ್ಳಿ ಕಡೆ ಮನೆ ಕಟ್ಟಿಸುವವರಿಗೆ ಇದು ಗೊತ್ತಿರುತ್ತದೆ. ಸೈಟಿಂದ ದಿನಾ ಫೋಟೊ ಬರುತ್ತದೆ, ಎಲ್ಲಾ ವಾಟ್ಸ್ಆ್ಯಪ್ ಗ್ರೂಪಿಗೆ. ಸಿಮೆಂಟ್ ಬಿಲ್ಲು, ಹಬ್ಬದ ಶುಭಾಶಯದ ನಡುವೆ ಅವು ಎಲ್ಲೋ ಸೇರಿಹೋಗುತ್ತವೆ. ಅವುಗಳಲ್ಲಿ ತುಂಬಾ ಮುಖ್ಯವಾದದ್ದು ಗಾರೆಗೆ ಮುಂಚೆ ತೆಗೆದ ಗೋಡೆಯ ಫೋಟೊ. ನಾಳೆ ಗೀಸರ್ ಕೂರಿಸಲು ಡ್ರಿಲ್ ಹಿಡಿದಾಗ ನೀರಿನ ಪೈಪ್, ವೈರ್ ಎಲ್ಲಿ ಹೋಗಿದೆ ಅಂತ ತೋರಿಸುವುದು ಅದೇ ಅಲ್ವಾ?

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಮಾಮೂಲಾಗಿ ಕಳಿಸಿದರೆ ಅದು ಕುಗ್ಗುತ್ತದೆ. ತೆಗೆದ ತಾರೀಖು, ಜಾಗದ ವಿವರವೂ ಫೈಲಿನಿಂದ ಹೋಗುತ್ತದೆ. ಗೂಗಲ್ ಫೋಟೋಸ್‌ನ ಹಂಚಿಕೊಳ್ಳುವ ಆಲ್ಬಂ ಈ ಕೆಲಸಕ್ಕೆ ಸಲೀಸು.

ಮನೆ ಕಟ್ಟಿಕೊಡುವವರು ಮೊದಲು ತಮ್ಮ ಆಫೀಸಿನ ಹೆಸರಲ್ಲಿ ಒಂದು ಜಿಮೇಲ್ ಮಾಡಿ. ಇಂಜಿನಿಯರ್‌ ಸ್ವಂತ ಅಕೌಂಟಲ್ಲಿ ಆಲ್ಬಂ ಬೇಡ. ಉಚಿತವಾಗಿ ಸಿಗುವುದು 15 ಜಿಬಿ. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಅಷ್ಟೇ. ಫೋಟೊಗೆ ಮಿತಿಯಿಲ್ಲದ ಜಾಗ ಕೊಡುವುದು 2021ರ ಜೂನ್ 1ಕ್ಕೇ ನಿಂತಿತು. ಹಾಗಾಗಿ ಉದ್ದುದ್ದ ವಿಡಿಯೊ ಹಾಕಬೇಡಿ.

ಆಮೇಲೆ ಒಂದೊಂದು ಮನೆಗೆ ಒಂದೊಂದು ಆಲ್ಬಂ ಮಾಡಿ. ಹೆಸರಲ್ಲಿ ಬಡಾವಣೆ, ಸೈಟ್ ನಂಬರ್ ಇರಲಿ. ಶೇರ್ ಒತ್ತಿ ಲಿಂಕ್ ಕಳಿಸಿದರೆ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಅವರವರ ಅಕೌಂಟಿಂದಲೇ ಸೇರುತ್ತಾರೆ. ಬೇರೆಯವರೂ ಫೋಟೊ ಸೇರಿಸಲು ಬಿಡುವ ಆಯ್ಕೆ ಆಲ್ಬಂನ ಸೆಟ್ಟಿಂಗ್‌ನಲ್ಲಿದೆ, ಅದು ಆನ್ ಆಗಿರಲಿ. ಆಫೀಸಿನ ಪಾಸ್‌ವರ್ಡ್ ಮಾತ್ರ ಯಾರ ಫೋನಿಗೂ ಹಾಕಿಸಬೇಡಿ. ಅದರಲ್ಲಿ ಬ್ಯಾಕಪ್ ಆನ್ ಇದ್ದರೆ ಅವರ ಮನೆ ಮಕ್ಕಳ ಫೋಟೊವೂ ಆಫೀಸಿಗೆ ಬಂದುಬಿಡುತ್ತದೆ. ಅದು ಅವರಿಗೆ ಮಾಡುವ ಅನ್ಯಾಯ.

ಫೋಟೊ ತೆಗೆಯುವುದರಲ್ಲೇ ಅರ್ಧ ಕೆಲಸವಿದೆ. ಗೋಡೆ ಮೇಲೇ ಚಾಕ್‌ಪೀಸಲ್ಲಿ ‘ಅಡುಗೆಮನೆ, ಪೂರ್ವ’ ಅಂತ ಬರೆಯಿರಿ. ಪೈಪಿನ ಪಕ್ಕ ಟೇಪ್ ಹಿಡಿಸಿ, ಮೂಲೆಯಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಅಡಿ ಅಂತ ಅಂಕಿ ಕಾಣಬೇಕು. ಮೊದಲು ಇಡೀ ಗೋಡೆಯದ್ದು ಒಂದು, ಆಮೇಲೆ ಹತ್ತಿರದಿಂದ ಒಂದು. ಸುಮ್ನೆ ಪೈಪನ್ನಷ್ಟೇ ತೆಗೆದರೆ ಗಾರೆಯಾದ ಮೇಲೆ ಅದು ಯಾವ ಕೋಣೆಯದು ಅಂತ ತೆಗೆದವರಿಗೇ ತಿಳಿಯುವುದಿಲ್ಲ. ಕ್ಯಾಮೆರಾದಲ್ಲಿ ತೆಗೆದದ್ದನ್ನೇ ನೇರವಾಗಿ ಆಲ್ಬಂಗೆ ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿ ಬೇಡ.

ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ಆಲ್ಬಂ ನೋಡಬಹುದು. ಒಬ್ಬರ ಮನೆಯ ಬಾಗಿಲು, ಕಿಟಕಿ, ಲಾಕರ್ ಜಾಗ ಎಲ್ಲಾ ಅದರಲ್ಲಿರುತ್ತದೆ! ಬೇಕಾದವರು ಸೇರಿದ ಮೇಲೆ ಲಿಂಕ್ ಆಫ್ ಮಾಡಿ. ಫೋಟೊ ತೆಗೆದ ಜಾಗ ತೋರಿಸುವ ಆಯ್ಕೆಯನ್ನೂ ಆಫ್ ಮಾಡಿ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಆಲ್ಬಂನಿಂದ ಯಾರಾದರೂ ಹೊರಗೆ ಹೋದರೆ, ಅಥವಾ ನೀವೇ ತೆಗೆದರೆ, ಅವರು ಸೇರಿಸಿದ ಫೋಟೊಗಳೂ ಅಲ್ಲಿಂದ ಹೋಗುತ್ತವೆ. ಅದಕ್ಕೆ ವಾರಕ್ಕೊಮ್ಮೆ ಆಫೀಸಿನ ಅಕೌಂಟಿಂದ ಆಲ್ಬಂ ತೆರೆದು, ಬೇರೆಯವರು ಹಾಕಿದ್ದನ್ನು ಸೇವ್ ಮಾಡಿಕೊಳ್ಳಿ. ಮನೆ ಮುಗಿದಾಗ ಕಂಪ್ಯೂಟರಲ್ಲಿ ಇಡೀ ಆಲ್ಬಂ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವಲ್ಲಿ ಹಾಕಿ, ಬೀಗದ ಕೈ ಜೊತೆ ಮನೆಯವರ ಕೈಗೇ ಕೊಡಿ.